ಹದಿನಾಲ್ಕನೇ ಪ್ರಶ್ನೆ

ಪೀಣ್ಯ ಎರಡನೇ ಹಂತ. ಇದು ಏಳನೇ ಸಲ.
ಕೊರಳಲ್ಲಿ ಇಲಾಖೆಯ ಗುರುತಿನ ಚೀಟಿ,
ಕಂಕುಳಲ್ಲಿ ಇಪ್ಪತ್ತಾರು ಪುಟದ ನಮೂನೆ,
ಬೆವರಿಗೆ ಅಂಚು ಮೆತ್ತಗಾಗಿದೆ.

ಗೇಟಿನಲ್ಲಿ ಪದ್ಮಲೋಚನ, ಒಡಿಶಾದವನು,
ಈಗೀಗ ನನ್ನ ಕಂಡರೆ ರಿಜಿಸ್ಟರು ತೆರೆಯುವುದಿಲ್ಲ,
ಸ್ಟೂಲು ಸರಿಸುತ್ತಾನೆ.
"ಸಾರ್ ಮೀಟಿಂಗಲ್ಲಿ ಅವ್ರೆ" ಅನ್ನುವುದು
ಅವನು ಕಲಿತ ಮೊದಲ ಕನ್ನಡ.

ಒಳಗೆ ಆ ಹಾಳೆಗಳು ಅಲೆದ ದಾರಿ ಬಲ್ಲೆ.
ಮೊದಲ ಪ್ರತಿ ರೆಜಿನಾ ಮೇಡಂ ಮೇಜಿಗೆ.
ಸಂಬಳದ ಲೆಕ್ಕ ನಂದು, ಕರೆಂಟಿನದು ನಂದಲ್ಲ ಅಂದರು.
ಕರೆಂಟಿನವರು ಸ್ಟೋರಿಗೆ ದಾಟಿಸಿದರು.
ಸ್ಟೋರಿನ ಹುಡುಗ ಅದರ ಮೇಲೊಂದು ಬೇರಿಂಗು ಇಟ್ಟ.
ಎಣ್ಣೆಯ ಬಳೆ ಮೂಡಿತು, ಎಷ್ಟು ದುಂಡಗೆ!
ಇಡೀ ನಮೂನೆಗೆ ಸಿಕ್ಕ ಉತ್ತರ ಅದೊಂದೇ.

ಎರಡನೆಯದು ಕಳೆಯಿತು. ಮೂರನೆಯದು
ಕೆಲಸ ಬಿಟ್ಟವನ ಇಮೇಲಿಗೆ ಹೋಗಿ
ಇನ್ನೂ ಅವನ ದಾರಿ ಕಾಯುತ್ತಿದೆ.

ಕಂಪನಿಗೆ ಬೋರ್ಡಿದೆ, ಸೀಲಿದೆ,
ಆಯುಧಪೂಜೆಗೆ ಒಡೆಯುವ ಬೂದುಗುಂಬಳವಿದೆ.
ಬಾಯಿ ಯಾರದು ಅಂದರೆ
ಎಲ್ಲರೂ ಪಕ್ಕದ ಕುರ್ಚಿ ತೋರಿಸುತ್ತಾರೆ.

ಇವತ್ತು ಮಾತ್ರ ಮಾಲೀಕ ತಿರುಮಲೇಗೌಡರೇ
ಲೇತಿನ ಪಕ್ಕದಿಂದ ಕೂಗಿದರು, "ಬಾಮ್ಮ, ಕೂತ್ಕೊ."
ಟೀ ಬಂತು. ಕನ್ನಡಕ ಹಣೆಯಿಂದ ಮೂಗಿಗಿಳಿಯಿತು.
ಹದಿಮೂರು ಪ್ರಶ್ನೆ ಸರಾಗ ಸಾಗಿದವು.
ಹದಿನಾಲ್ಕು: ಒಟ್ಟು ಕೆಲಸಗಾರರು ಎಷ್ಟು?

ಪೆನ್ನಿಗೆ ಟೋಪಿ ಹಾಕಿಬಿಟ್ಟರು.
"ಬ್ಯಾಂಕಿಗೆ ಮೂವತ್ತೊಂದು ಅಂದಿದೀನಿ.
ಪಿಎಫ್‌ನೋರಿಗೆ ಹತ್ತೊಂಬತ್ತು.
ಬೀಗರು ಕೇಳ್ದಾಗ ಐವತ್ತು.
ನಿಂಗೆ ಯಾವ್ದು ಕೊಡ್ಲಿ?"

ಗೋಪ್ಯವಾಗಿಡ್ತೀವಿ ಸಾರ್, ಅಂದೆ,
ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚಾದದ್ದನ್ನೇ.
ನಕ್ಕರು. ಕೆಟ್ಟ ನಗುವಲ್ಲ.
"ಹೋದ್ಸಲ ಬರ್ಕೊಟ್ನಲ್ಲ,
ಅದ್ರಿಂದ ಈ ರಸ್ತೇದು ಒಂದು ಗುಂಡಿನಾದ್ರೂ ಮುಚ್ತಾ?"

ಅದಕ್ಕೆ ನನ್ನಲ್ಲಿ ಕಾಲಂ ಇರಲಿಲ್ಲ.

ಕೊನೆಯ ಪುಟಕ್ಕೆ ಸಂಕೇತ ನಾಲ್ಕು ಬರೆದೆ:
ಉತ್ತರಿಸಲು ನಿರಾಕರಣೆ.
ಟೀ ಕೊಟ್ಟದ್ದನ್ನು ಬರೆಯುವ ಜಾಗ ಹುಡುಕಿದೆ.
ಭರ್ತಿಯಾದ ನಮೂನೆಗಷ್ಟೇ ನನಗೆ ಕೂಲಿ,
ಖಾಲಿಯದು ನನ್ನ ಬಸ್ ಚಾರ್ಜು.

ಐದೂವರೆಯ ಸೈರನ್ನಿಗೆ ಗೇಟು ತೆರೆಯಿತು.
ಎಣಿಸಬಾರದೆಂದುಕೊಂಡೇ ಎಣಿಸಿದೆ,
ಕೈ ತೊಳೆದ ಸೋಪಿನ ವಾಸನೆ, ಖಾಲಿ ಡಬ್ಬಿಗಳ ಸದ್ದು,
ಇಪ್ಪತ್ತಾರು, ಇಪ್ಪತ್ತೇಳು...
ಎಂಟನೇ ಮೈಲಿಯ ಬಸ್ಸು ಬಂದು ಲೆಕ್ಕ ತಪ್ಪಿತು.

"ನನ್ನೂ ಸೇರಿಸಿದ್ರಾ ಮೇಡಂ?"
ಸ್ಟೂಲು ಒಳಗಿಡುತ್ತ ಪದ್ಮಲೋಚನ ಕೇಳಿದ.
ಅವನು ಏಜೆನ್ಸಿಯವನು.
ನಾನೂ.