ಒಂಬತ್ತು ಕಿಲೋ ಒಂದನೇ ಇಯತ್ತೆ

ಮೈಸೂರಿನಿಂದ ಬಂದ ಪೆಟ್ಟಿಗೆ ಒಂಬತ್ತು ಕಿಲೋ ತೂಗಿತು.
ಕೊರಿಯರ್ ಹುಡುಗ ಸೆಕ್ಟರ್ ತಪ್ಪಿ
ಇಪ್ಪತ್ತೇಳಕ್ಕೆ ಹೋಗಿ, ಮೂವತ್ತೇಳಕ್ಕೆ ಬಂದು
ಹೊಸ್ತಿಲಲ್ಲಿಳಿಸಿ, ಬೆವರೊರೆಸಿಕೊಂಡು ಕೇಳಿದ:
‘ಹೊಲಿಗಿ ಮಿಷನ್ನೇನ್ರಿ ಅಕ್ಕಾರ?’
‘ಒಂದನೇ ಇಯತ್ತೆ’ ಅಂದೆ.
ನಗಲಿಲ್ಲ ಅವನು. ಸಹಿ ಹಾಕಿಸಿಕೊಂಡು ಹೋದ.

ಹಾಸಿಗೆಯ ಮೇಲೆ ಆಗಲೇ ಎರಡು ಶಾಲೆ ಮಲಗಿದ್ದವು.
ಬೆಳಗಾವಿ ಅಂಗಡಿಯದರಲ್ಲಿ
ಅಕ್ಷರಕ್ಕಿಂತ ಬಲೂನು ಜಾಸ್ತಿ.
ನದಾಫ ಮಾಸ್ತರರು ಕೊಟ್ಟ ಸರಕಾರಿ ಪುಸ್ತಕದ ಮೊದಲ ಪುಟದಲ್ಲಿ
ಮೂರು ಹುಡುಗರ ಹೆಸರು, ಮೂರಕ್ಕೂ ಗೀಟು;
ಹದಿನೆಂಟನೇ ಪುಟದ ಆನೆಗೆ ಯಾರೋ ಮೀಸೆ ಬರೆದಿದ್ದಾರೆ.
ಇದು ಮೂರನೆಯದು, ನನ್ನ ಭಿಶಿ ದುಡ್ಡಿನದು.
ಟೇಪು ಕತ್ತರಿಸಲು ಧೈರ್ಯ ಸಾಲದೆ
ಗೋಡೆಗೆ ಸರಿಸಿಟ್ಟೆ.

ಜೂನಿನಲ್ಲಿ ಸಂಗನಬಸು ‘ಪಾಟಿ’ ಅನ್ನಲು ಹೋಗಿ
ಪ-ಪ-ಪ ಎಂದು ನಿಂತ.
ನಲವತ್ತು ಬಾಯಿ ಪ-ಪ-ಪ ಎಂದವು.
ಬಾಯಿಯವರೂ ನಕ್ಕರಂತೆ, ಸ್ವಲ್ಪವೇ.
ಆಮೇಲೆ ಅವನು ತಲೆಯಾಡಿಸುವುದನ್ನು ಕಲಿತ.
ಹೌದಿಗೊಂದು ಬಗೆ, ಅಲ್ಲಕ್ಕೊಂದು ಬಗೆ,
ಹಸಿವೆಗೆ ಹೊಟ್ಟೆಯ ಮೇಲೆ ಕೈ.
ತಮ್ಮನಿಲ್ಲದ ವ್ಯಾನು ಹತ್ತುವುದಿಲ್ಲವೆಂದು
ದಾನೇಶ್ವರಿಯೂ ಚೀಲ ಇಳಿಸಿದಳು.

‘ಮನ್ಯಾಗ ಕಲಿತ ಕೂಸು ಮನೀ ಅಷ್ಟ ಕಲಿತೈತಿ’
ಅಂದರು ಅತ್ತಿ, ಹೆಸರುಕಾಳಿನ ಕಲ್ಲು ಆರಿಸುತ್ತ.
ಅದು ಸುಳ್ಳೆಂದು ಇಡೀ ರಾತ್ರಿ ನನಗೆ ನಾನೇ ಹೇಳಿಕೊಂಡೆ.

ವೇಳಾಪಟ್ಟಿ ಬರೆದೆ, ಗೊಬ್ಬರದಂಗಡಿ ಕ್ಯಾಲೆಂಡರಿನ ಬೆನ್ನಿಗೆ,
ಸ್ಕೇಲಿಟ್ಟು, ಎರಡು ಬಣ್ಣದಲ್ಲಿ.
ಸೋಮವಾರ ನಡೆಯಿತು.
ಮಂಗಳವಾರ ಕನ್ನಡಕ್ಕೆ ಕೂತಾಗ ನಳ ಬಂತು;
ಹದಿನೇಳು ಕೊಡ ಎಣಿಸಿದಳು ದಾನಿ.
ಲೆಕ್ಕದ ಪುಸ್ತಕ ಇನ್ನೂ ಒಂಬತ್ತರಲ್ಲಿತ್ತು.
ಬುಧವಾರ ಇವರು ರಾತ್ರಿ ಪಾಳಿ ಮುಗಿಸಿ
ರೆಪ್ಪೆಯ ಮೇಲೆ ಸಿಮೆಂಟು ಹೊತ್ತು ಮಲಗಿದರು.
ಏಳಬಾರದೆಂದು ಪಾಠವೆಲ್ಲ ಪಿಸುಮಾತಿನಲ್ಲಿ.
ಪಿಸುಮಾತಿನಲ್ಲಿ ಸಂಗು ತೊದಲಲಿಲ್ಲ.
ಪ ಎಂದ. ಪಾಟಿ ಎಂದ. ಪಪ್ಪಾಯಿ ಎಂದ,
ಉಸಿರಿನಷ್ಟೇ ದನಿಯಲ್ಲಿ, ಒಂದೂ ಎಡವದೆ.
ಇದನ್ನು ಯಾವ ಪಠ್ಯಕ್ರಮದ ಮುನ್ನುಡಿಯೂ ನನಗೆ ಹೇಳಿರಲಿಲ್ಲ.
ಗುರುವಾರ, ಇವರು ಎದ್ದಿದ್ದರೂ, ಪಿಸುಗುಟ್ಟಿದೆವು.

ಸರಕಾರಿ ಪುಸ್ತಕ, ಪಾಠ ನಾಲ್ಕು: ನಮ್ಮ ಊರು.
ಬಾವಿ, ಗುಡಿ, ಮರ ಗುರುತಿಸಿರಿ.
‘ಯಾವ ಊರವ್ವಾ? ನೀರಾಗಿಂದೋ, ಮ್ಯಾಲಿಂದೋ?’
ಎಂದಳು ದಾನಿ, ಪೆನ್ಸಿಲ್ ಕಚ್ಚಿ.
ನಾನು ಉತ್ತರ ಹುಡುಕುವಷ್ಟರಲ್ಲಿ
ಮೊರ ಬದಿಗಿಟ್ಟು ಅತ್ತಿ ಬಂದು ಕೂತರು,
ಪೆನ್ಸಿಲನ್ನು ಸೌಟಿನಂತೆ ಹಿಡಿದು
ಹಿಟ್ಟಿನ ಗಿರಣಿ, ಬಣ್ಣದಂಗಡಿ,
ತಾನು ಜಾರಿಬಿದ್ದ ಮೆಟ್ಟಿಲು ಬರೆದರು.
ಸಂಗು ಅದರ ಮೇಲೆಲ್ಲ ನೀಲಿ ಬಳಿದ,
ಮೂರು ಮೀನು ಬಿಟ್ಟ.
ಅತ್ತಿ ಸುಮ್ಮನೆ ನೋಡಿದರು. ‘ಇನ್ನೊಂದು ಬಿಡು’ ಅಂದರು.
ಅಂದಿನ ಹಾಜರಿಯಲ್ಲಿ ಮೂರು ಹೆಸರು.

ಶನಿವಾರ ತೀರ್ಮಾನಿಸಿದೆ:
ಮೈಸೂರು ಪೆಟ್ಟಿಗೆ ಬಂದ ದಾರಿಗೆ ಹೋಗಲಿ.
ಒಂಬತ್ತು ಕಿಲೋ ಹೊರುವಷ್ಟು ಅಗಲ
ನಮ್ಮ ದಿನಗಳಿಗಿಲ್ಲ.
ವಿಳಾಸ ಬರೆಯಲು ಕಾಗದ ಹುಡುಕುತ್ತಿದ್ದೆ.

ನೆಲದ ಮೇಲೆ ಬೋರಲು ಬಿದ್ದು ಸಂಗು
ಪೆಟ್ಟಿಗೆಗೆ ಅಂಟಿಸಿದ ಚೀಟಿಯ ಮೇಲೆ ಬೆರಳಾಡಿಸುತ್ತಿದ್ದ.
ಮೊದಲು ತುಟಿಯಲ್ಲಿ.
ಆಮೇಲೆ, ಯಾರೂ ಕೇಳದೆ, ಗಟ್ಟಿಯಾಗಿ:
ಒಮ್ಮೆ
ತೆರೆದ
ಪ-ಪ-
ನಾವು ಕಾದೆವು.
ಪಕ್ಕದ ಮನೆಯ ಮಿಕ್ಸರ್ ಕೂಡ ನಿಂತಿತ್ತು.
ಪ-ಪೆಟ್ಟಿಗೆಯನ್ನು
ವಾಪಸು ಪಡೆಯುವುದಿಲ್ಲ.

ಅದು ಅವನ ಮೊದಲ ಇಡೀ ವಾಕ್ಯ.
‘ಅಂದ್ರ ಏನವ್ವಾ?’ ಅಂದ.
ಅತ್ತಿ ನನ್ನ ಕಡೆ ನೋಡಿದರು.
ದಾನಿ ಒಳಗೆ ಹೋಗಿ ಕತ್ತರಿ ತಂದಳು,
ಹೋದ ವಾರ ಕಲಿಸಿದ ಹಾಗೆ
ಚೂಪು ತನ್ನ ಕಡೆ,
ಹಿಡಿ ನನ್ನ ಕಡೆ.