ಸೇತುವೆಯ ಸುಂಕ

ಸುಂಕದವನ ಮುಂದೆ ಸುಖದುಃಖ ಹೇಳಬಾರದು ಅಂತಾರೆ.
ಹರಿಹರದ ಸೇತುವೆಯ ಈ ತುದಿಯ ಗೇಟಿನಲ್ಲಿ
ಹನ್ನೊಂದು ವರ್ಷ ಚೀಟಿ ಹರಿದವನು ನಾನು, ಮುರಿಗೆಪ್ಪ;
ಹೇಳದೆ ದಾಟಿದವರನ್ನು ಕಾಣೆ.
ಹತ್ತಿಗಾಡಿಗೆ ನಾಲ್ಕಾಣೆ, ಖಾಲಿ ಗಾಡಿಗೆ ಎರಡು,
ತಲೆಹೊರೆಗೆ ಮೂರು ಕಾಸು.
ಹೆಣಕ್ಕೆ ಬಿಟ್ಟಿ.

ಅತ್ತ ದಡ ಬಿಳಿಯರದು, ಮುಂಬಯಿ ಇಲಾಖೆ.
ಇತ್ತ ದಡ ಮಹಾರಾಜರದು.
ನಡುವೆ ತುಂಗಭದ್ರೆ, ಯಾರ ಚೀಟಿಯೂ ಇಲ್ಲದೆ ಹೋಗುತ್ತಿದ್ದಳು.
ಊರ ದೇವರೇ ಒಂದು ಮೈಯಲ್ಲಿ ಇಬ್ಬರು;
ಹೊಳೆಯೂ ಹಾಗೇ ಇರಲಿ ಎಂದು ಬಿಟ್ಟಿದ್ದೆವು.

ಸಂಜೆ ಗೇಟಿನ ಬೆಂಚಿಗೆ ಬರುತ್ತಿದ್ದ ಗುರುಪಾದಯ್ಯ ಮೇಷ್ಟ್ರು
ಬಸಿಯಲ್ಲಿ ಚಹಾ ಆರಿಸುತ್ತ ಒಮ್ಮೆ ಹೇಳಿದರು:
ಸಮುದ್ರದಾಚೆ ಹದಿಮೂರು ಸೀಮೆ, ಎಲ್ಲಕ್ಕೂ ಒಬ್ಬನೇ ದೊರೆ,
ಅವನೋ ಮುಖ ತೋರಿಸಿದವನಲ್ಲ.
ಚಹಾದ ಮೇಲೆ ಸುಂಕ ಹೇರಿದ್ದಕ್ಕೆ
ಪೆಟ್ಟಿಗೆಗಟ್ಟಲೆ ಚಹಾ ನೀರಿಗೆ ಸುರಿದರು,
ಆಮೇಲೆ ಕಾಗದ ಬರೆದರು, ಇನ್ನು ನಾವು ನಿನ್ನವರಲ್ಲ ಎಂದು.
ಮಂಡಕ್ಕಿ ಬಾಳವ್ವ ಚೀಲ ಇಳಿಸಿ ಕೇಳಿದಳು:
‘ಸುಂಕದಾವ್ನ ಏನ್ ಮಾಡಿದ್ರೀ ಮಾಸ್ತರ?’
ಮೇಷ್ಟ್ರು ನನ್ನ ಕಡೆ ನೋಡಿ
ಬಸಿ ಬರಿದು ಮಾಡಿದರು.

ಆಗಸ್ಟಿನ ಆ ರಾತ್ರಿ ಹೊಳೆ ತುಂಬಿತ್ತು.
ಹನ್ನೆರಡಕ್ಕೆ ಅತ್ತ ದಡದಲ್ಲಿ ಗರ್ನಾಲು, ಜಾಗಟೆ,
ಇತ್ತ ನನ್ನ ಲಾಟೀನು.
ಎದ್ದು ನಡೆದೆ, ಕಮಾನು ಎಣಿಸುತ್ತ:
ಬಂದದ್ದು ಎಷ್ಟನೆಯದರ ತನಕ ಬಂದಿದೆ?
ಬೆಳಿಗ್ಗೆ ಇತ್ತಲೂ ಬಾವುಟ ಕಟ್ಟಿದರು, ಪೇಡೆ ಹಂಚಿದರು.
ನನ್ನ ಚೀಟಿಯ ಮೇಲೆ ಅದೇ ಗಂಡಭೇರುಂಡ,
ಎರಡು ಕೊಕ್ಕು, ಮೂರು ಕಾಸು.

ಸೆಪ್ಟೆಂಬರಿನಲ್ಲಿ ಹುಡುಗರು ದಾಟತೊಡಗಿದರು.
ದಾವಣಗೆರೆಯ ಮಿಲ್ಲಿನವರು, ಶಾಲೆ ಬಿಟ್ಟವರು,
ಪಿಂಜಾರರ ದಾದಾಪೀರ, ಒಂದೇ ಚಪ್ಪಲಿಯಲ್ಲಿ.
ಅತ್ತ ನಿಂತು ಇತ್ತ ಮುಖ ಮಾಡಿ ಕೂಗುತ್ತಿದ್ದರು
ಜವಾಬ್ದಾರಿ ಸರ್ಕಾರ, ಜವಾಬ್ದಾರಿ ಸರ್ಕಾರ,
ಗಾಳಿ ಅರ್ಧ ಹೊತ್ತು ತಂದು ಅರ್ಧ ಹೊಳೆಗೆ ಹಾಕುತ್ತಿತ್ತು.
ದಫೇದಾರ ಬಂದ: ಹೋದವರ ಹೆಸರು ಬರೆದಿಡು.
ಬರೆದೆ.
ತಲೆಹೊರೆ ಒಂದು. ತಲೆಹೊರೆ ಎರಡು.
ತಲೆಹೊರೆ ನಲವತ್ತೊಂದು.
ಹೆಸರಿನ ಖಾನೆಯಲ್ಲಿ: ಹತ್ತಿ.

ದಸರೆಯ ಹೊತ್ತಿಗೆ ಒಪ್ಪಂದವಾಯಿತಂತೆ.
ಗಡ್ಡ ಬಿಟ್ಟುಕೊಂಡು ಮರಳಿದರು, ಚೀಟಿ ಕೇಳಿದರೆ ನಕ್ಕರು.
ದಾದಾಪೀರ ಮಾತ್ರ ಕಾಸು ಎಣಿಸಿ ಕೈಗಿಟ್ಟ:
‘ಹತ್ತಿ ಅಂತ ಬರ್ದಿದ್ರಂತೆ. ನಮ್ಮ ಕಸುಬು, ಇಸ್ಕಳಿ.’

ಮೊಹರು ಬದಲಾಯಿತು, ತಡವಾಗಿ.
ಗೇಟು ಬದಲಾಗಲಿಲ್ಲ, ದರಪಟ್ಟಿಯೂ.
ಬಾಳವ್ವ ಕಾಸು ಹಿಡಿದು ನಿಂತಳು,
ಅದರಲ್ಲಿ ಇನ್ನೂ ಆ ಕಾಣದ ದೊರೆಯ ಮುಖ.
‘ಇದು ಈಗ ಯಾರಿಗಿ ಮುಟ್ಟತೈತಿ?’
ಹನ್ನೊಂದು ವರ್ಷದಲ್ಲಿ ಮೊದಲ ಸಲ
ನನಗೆ ಉತ್ತರ ಗೊತ್ತಿತ್ತು.
‘ನಿನಗೇ, ಬಾಳವ್ವ.’
‘ನನಗಾ?’
ಹಿಂದೆ ಗಾಡಿಗಳ ಸಾಲು, ಎತ್ತುಗಳ ಕೊರಳು ಅಲುಗಿ ಗಂಟೆ.
ಕಾಸು ಕೊಟ್ಟಳು, ಅದೇ ಅಂಗೈ ಚಾಚಿದಳು.
‘ಹಂಗಾದ್ರ ಕೊಡು.’

ಅವತ್ತಿನ ಲೆಕ್ಕದಲ್ಲಿ ಮೂರು ಕಾಸು ಕಡಿಮೆ.
ಹೊಸ ಸರ್ಕಾರ ಸಮಜಾಯಿಷಿ ಕೇಳಿತು.
ಹೊಳೆಗೆ ಬಿತ್ತು
ಎಂದು ಬರೆದು ರುಜು ಹಾಕಿದೆ.