ನದರು

ಕಪನೂರಿನ ಮಿಲ್ಲಿನಲ್ಲಿ ಹೊಸ ಮಷಿನು ಕೂತ ದಿನ
ಸೇಠರು ಅದಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು.
ನಾನು ಮೆರ್ಸಿನ್ನಿಂದ ತಂದ ನೀಲಿ ಗಾಜಿನ ಕಣ್ಣನ್ನು
ಅದರ ಪಕ್ಕಕ್ಕೇ ತೂಗುಬಿಟ್ಟೆ.
ಅಲ್ಲಿ ನಜರ್ ಅಂತಾರೆ, ಇಲ್ಲಿ ನದರು.
ನಡುವೆ ಎರಡು ಸಮುದ್ರ, ಒಂದು ಅಕ್ಷರ.

ಎಂಟು ತಿಂಗಳು ಆ ಬಂದರದೂರಿನಲ್ಲಿ ಈ ಮಷಿನು ಕಲಿತೆ.
ಕಾಳು ಜಾರುವಾಗ ಕ್ಯಾಮೆರಾ ನೋಡುತ್ತದೆ;
ಬಣ್ಣ ತಪ್ಪಿದ್ದನ್ನು ಗಾಳಿಯ ಒಂದು ಉಫ್
ಆಚೆ ತಳ್ಳುತ್ತದೆ. ಅಷ್ಟೇ ಕೆಲಸ.
ಕಲಿಸಿದವನು ನೆವ್ಝಾತ್ ಉಸ್ತಾ,
ನಮ್ಮ ಗ್ಯಾರೇಜಿನ ಉಸ್ತಾದನೇ, ಬಾಲ ಕಳಕೊಂಡು.
ನನ್ನ ಇಂಗ್ಲಿಷು ಅವನಿಗೆ ಬಾರದು, ಅವನ ತುರ್ಕಿ ನನಗೆ.
ಮೊದಲ ವಾರ ಬೆರಳಲ್ಲಿ ಮಾತಾಡಿದೆವು.
ಎರಡನೆಯ ವಾರ, ಕೈ ತೊಳೆಯುವಾಗ, ಅವನು ಸಾಬೂನ್ ಅಂದ.
ನಾನು ನಳ ಬಂದ್ ಮಾಡುವುದನ್ನೇ ಮರೆತೆ.

ಆಮೇಲೆ ದಿನಕ್ಕೊಂದು ಸಿಕ್ಕಿತು,
ಕಾಳಿನ ರಾಶಿಯಲ್ಲಿ ಮನೆಯವರ ಉಂಗುರ ಸಿಕ್ಕ ಹಾಗೆ:
ದುಕಾನ, ಬಜಾರ, ಮೈದಾನ, ತಾರೀಖು, ಹವಾ.
ಹಕ್ಕು.
ಹಕ್ಕು ಅನ್ನುವಾಗ ಮಾತ್ರ ಅವನು
ಚಾದ ಗ್ಲಾಸು ಕೆಳಗಿಟ್ಟು, ಹಿಂದಿನ ಮೇಜು ನೋಡಿ,
ದನಿ ಇಳಿಸಿದ.

ನಾನು ಒಳಗೊಳಗೇ ಉಬ್ಬಿದೆ.
ನಮ್ಮ ಗಂಜಿನ ಚಾದಂಗಡಿಗೆ ಬಾ ಉಸ್ತಾ, ಅಂದುಕೊಂಡೆ,
ಹಮಾಲರು ದಿಲ್ಲಿಯನ್ನೂ ಬೆಂಗಳೂರನ್ನೂ
ಒಂದೇ ಉಸಿರಿಗೆ ಬೈದು
ಅರ್ಧ ಚಾ ಉದ್ರಿ ಬರೆಸುವುದನ್ನು ನೋಡು.
ಮೋರ್ಚಾ ತಡೆಯಲು ಬಂದ ಪೊಲೀಸಪ್ಪ
ನಮ್ಮ ಘೋಷಣೆಯ ಪ್ರಾಸ ತಿದ್ದಿಕೊಟ್ಟ ಕತೆ ಕೇಳು.

ಇನ್ನೊಂದು ಮಾತೂ ಅಲ್ಲಿ ಕಲಿತೆ: ಮೆಮ್ಲೆಕೆತ್.
ಊರು ಅಂತ ಅರ್ಥ. ಹೊಸಬರು ಸಿಕ್ಕರೆ
ಮೊದಲು ಕೇಳುವುದು ಅದನ್ನೇ.
ಎಷ್ಟು ಚಂದ ಅವ್ವಾ, ಇಲ್ಲಿ ಅಡ್ಡಹೆಸರು ಕೆದಕುವುದಿಲ್ಲ,
ಅಪ್ಪನ ಅಪ್ಪ ಏನು ಮಾಡುತ್ತಿದ್ದ ಅನ್ನುವುದಿಲ್ಲ,
ಎಂದು ಫೋನಿನಲ್ಲಿ ಹೇಳಿಯೂ ಬಿಟ್ಟಿದ್ದೆ.

ಒಂದು ಮಧ್ಯಾಹ್ನ ಚೀಲ ಇಳಿಸಲು ಬಂದ ಹುಡುಗ
ಪೂರ್ವದ ಯಾವುದೋ ಹಳ್ಳಿಯ ಹೆಸರು ಹೇಳಿದ.
ಊಟದ ಮೇಜು
ಒಂದು ರೆಪ್ಪೆ ಬಡಿಯುವಷ್ಟು ಸುಮ್ಮನಾಯಿತು.
ಮತ್ತೆ ಚಮಚಗಳು ಆಡಿದವು, ರೊಟ್ಟಿ ಸರಿಸಿದರು,
ಉಪ್ಪು ಬೇಕೇನು ಅಂದರು.

ಆ ಮೌನಕ್ಕೆ ನನಗೆ ತರ್ಜುಮೆ ಬೇಕಾಗಲಿಲ್ಲ.
ಬಾಡಿಗೆ ಮನೆ ಕೇಳಲು ಹೋದ ಹದಿಮೂರು ಬಾಗಿಲುಗಳಲ್ಲಿ
ಅದನ್ನು ಚೆನ್ನಾಗಿ ಕಲಿತಿದ್ದೆ;
ನನ್ನ ತಾಯ್ನುಡಿ ಎಂದರೂ ನಡೆದೀತು.
ಹುಡುಗ ನನ್ನ ಕಡೆ ನೋಡಿದ.
ನಾನೂ ಉಪ್ಪು ಕೊಟ್ಟೆ.

ಬಂದು ಹತ್ತು ದಿನವಾಯಿತು. ನಿನ್ನೆ ಗಂಜಿಗೆ ಹೋಗಿದ್ದೆ.
ಮೌಲಾಲಿ ಚಾ ತರಿಸಿದ, ಅರ್ಧರ್ಧ.
ಮೊದಲಿನ ಹಾಗೇ ಬೈಯಲು ಬಾಯಿ ತೆರೆದ,
ಹಿಂದಿನ ಬೆಂಚು ನೋಡಿದ,
‘ಬಿಸಲು ಭಾಳ ಅದ ನೋಡು ಈ ಸಲ’ ಅಂದ.
ನಾನು ಗ್ಲಾಸು ಕೆಳಗಿಟ್ಟೆ.
ಹೌದು, ಭಾಳ ಅದ ಅಂದೆ.

ಈಗ ಮಷಿನು ಓಡುತ್ತಿದೆ. ಎಷ್ಟು ಕೆಂಪು ನಡೆದೀತು,
ಎಷ್ಟು ಕಪ್ಪು ನಡೆಯದು ಎಂದು
ಗುಂಡಿ ತಿರುವಿ ಹೇಳಬೇಕಾದವನು ನಾನು.
ಇನ್ನಷ್ಟು ಬಿಗಿ ಮಾಡು, ಅನ್ನುತ್ತಾರೆ ಸೇಠರು.
ಹೊರಗೆ ಬಿದ್ದ ಬೇಳೆಯ ಮುಂದೆ
ಮೊರ ಹಿಡಿದು ಕೂತಿದ್ದಾಳೆ ತಿಪ್ಪವ್ವ.
ಒಂದನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾಳೆ:
‘ಇದಕ್ಕೇನಾಗ್ಯದೋ ತಮ್ಮಾ? ಯಾಕ ಒಗ್ದದ?
ಕಣ್ಣ ಭಾಳ ಅವ ನಿನ್ನ ಮಷಿನಿಗಿ.
ನದರಿಲ್ಲ.’

ಮೆಣಸಿನಕಾಯಿ ಆಗಲೇ ಒಣಗಿದೆ.
ನೀಲಿ ಕಣ್ಣಿನ ಮೇಲೆ ತೊಗರಿಯ ಹೊಟ್ಟು.
ನಾನು ಗುಂಡಿಯ ಮೇಲೆ ಕೈಯಿಟ್ಟು ನಿಂತಿದ್ದೇನೆ,
ಯಾವ ಕಡೆಗೂ ತಿರುಗಿಸದೆ.
ಅವಳ ಮೊರದಲ್ಲಿ ಅಚ್ಚೇರು ಬೇಳೆ ಕೂಡಿದೆ.